ಅತ್ತೆಯ ನಿಂಬೆ ಗಿಡಕ್ಕೆ ಬಾಯಾರಿಕೆಯೇ ಆಗಿಲ್ಲ

ಅತ್ತೆ, ನೀವು ಹಾಕಿದ ಎರಡೂ ಫೋಟೊ ನೋಡಿದೆ. ಎರಡು ವರ್ಷದ ಗಿಡ, ಎಲೆ ಹಳದಿ, ಒಂದು ಹೂವೂ ಇಲ್ಲ, ಏನು ಹಾಕಲಿ ಎಂದು ಕೇಳಿದ್ದೀರಿ. ಬೆಳಿಗ್ಗೆಯಿಂದ ಗ್ರೂಪಿನಲ್ಲಿ ಒಬ್ಬೊಬ್ಬರು ಒಂದೊಂದು ಮದ್ದು ಹೇಳುತ್ತಿದ್ದಾರೆ. ಚಿಕ್ಕಪ್ಪ ಮೊಟ್ಟೆ ಚಿಪ್ಪು ಎಂದರು, ಅಕ್ಕ ಎಪ್ಸಮ್ ಸಾಲ್ಟ್ ಎಂದಳು, ಅಜ್ಜಿ ದೃಷ್ಟಿ ಆಗಿದೆ ಎಂದರು. ನಿಂಬೆ ಗಿಡಕ್ಕೇ ದೃಷ್ಟಿಯಾದರೆ ಏನನ್ನು ನಿವಾಳಿಸುವುದು ಅಜ್ಜಿ?

ನಾನು ಮಾತಲ್ಲೇ ಹೇಳುತ್ತೇನೆ. ಸ್ವಲ್ಪ ಉದ್ದ ಆಗಬಹುದು, ಸೊಪ್ಪು ಬಿಡಿಸುತ್ತಾ ಕೇಳಿ.

ಏನನ್ನೂ ಹಾಕಬೇಡಿ. ಮೊದಲು ಕುಂಡದ ಕೆಳಗಿನ ಆ ಪ್ಲೇಟ್ ತೆಗೆಯಿರಿ. ಫೋಟೊದಲ್ಲೇ ಅದರ ತುಂಬ ನೀರು ಕಾಣುತ್ತಿದೆ. ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು ಹಾಕುತ್ತೇನೆ ಎಂದು ನೀವೇ ಹೇಳಿದಿರಿ. ತುಳಸಿಗೆ ಹಾಕುವ ಹಾಗೆ ನಿಂಬೆಗೂ ಹಾಕಿದ್ದೀರಿ. ನಿಂಬೆ ಬೇರಿಗೆ ಗಾಳಿ ಬೇಕು. ಮಣ್ಣು ಯಾವಾಗಲೂ ಒದ್ದೆಯಾಗಿದ್ದರೆ ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಬೇರು ಕೊಳೆತ ಗಿಡ ನೀರಿನಲ್ಲಿ ನಿಂತೇ ಬಾಡುತ್ತದೆ. ಅದನ್ನು ನೋಡಿ ನಾವು ಪಾಪ, ನೀರು ಸಾಲದು ಎಂದು ಇನ್ನೊಂದು ಚೊಂಬು ಸುರಿಯುತ್ತೇವೆ. ನನ್ನ ಮೊದಲ ಗಿಡವನ್ನು ನಾನು ಹೀಗೇ ಸಾಯಿಸಿದ್ದು. ಕಿತ್ತು ನೋಡಿದರೆ ಬೇರಿನ ಸಿಪ್ಪೆ ಕೈಗೆ ಬಂತು, ಮೋರಿ ವಾಸನೆ.

ನಿಮ್ಮ ಎಲೆಯಲ್ಲಿ ನರವೂ ಹಳದಿಯಾಗಿದೆ, ನೋಡಿ. ಅದು ಬೇರಿನ ತೊಂದರೆ. ಹೊಸ ಚಿಗುರು ಬಿಳಿಚಿಕೊಂಡು ನರ ಮಾತ್ರ ಹಸಿರಾಗಿದ್ದರೆ ಅದು ಬೇರೆ ಕಥೆ, ಕಬ್ಬಿಣದ ಕೊರತೆ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಅದು ಜಾಸ್ತಿ. ನೀರಿನ ಸುಣ್ಣ ಮಣ್ಣಿನಲ್ಲಿ ಸೇರಿ, ಇರುವ ಕಬ್ಬಿಣವೂ ಗಿಡಕ್ಕೆ ದಕ್ಕುವುದಿಲ್ಲ. ಅದಕ್ಕೇ ಚಿಕ್ಕಪ್ಪ, ನಿಮ್ಮ ಮೊಟ್ಟೆ ಚಿಪ್ಪು ಬೇಡ, ಒಲೆ ಬೂದಿಯೂ ಬೇಡ. ಸುಣ್ಣದ ಮೇಲೆ ಸುಣ್ಣ ಆಗುತ್ತದೆ ಅಷ್ಟೇ. ಹಾಗೆ ಬಿಳಿಚಿಕೊಂಡರೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಅರ್ಕಾ ಸಿಟ್ರಸ್ ಸ್ಪೆಷಲ್ ಎಂಬ ಪುಡಿ ಸಿಗುತ್ತದೆ. ಪ್ಯಾಕೆಟ್ ಮೇಲೆ ಬರೆದ ಅಳತೆಯಲ್ಲಿ ಎಲೆಗೆ ಸಿಂಪಡಿಸಿದರೆ ಸಾಕು. ಅಕ್ಕನ ಎಪ್ಸಮ್ ಸಾಲ್ಟ್ ಮೆಗ್ನೀಶಿಯಂ ಕೊರತೆಗೆ. ಅದು ಹಳೆ ಎಲೆಯಲ್ಲಿ ತೋರುತ್ತದೆ. ಸುತ್ತ ಹಳದಿಯಾಗಿ ತೊಟ್ಟಿನ ಹತ್ತಿರ ಮಾತ್ರ ಹಸಿರು ಉಳಿಯುತ್ತದೆ. ಅತ್ತೆಯ ಗಿಡದಲ್ಲಿ ಅದು ಇಲ್ಲ.

ಇನ್ನು ಕುಂಡ. 12 ಇಂಚಿನದು ಸಣ್ಣದಾಯಿತು. 18 ಇಂಚಿನದಕ್ಕೆ ಬದಲಾಯಿಸಿ. ನೇರವಾಗಿ ದೊಡ್ಡ ಡ್ರಮ್ಮಿಗೆ ಹಾಕಬೇಡಿ, ಸಣ್ಣ ಬೇರಿನ ಸುತ್ತ ಅಷ್ಟು ಮಣ್ಣು ಒಣಗುವುದೇ ಇಲ್ಲ. 200 ಲೀಟರ್ ಡ್ರಮ್ ಅರ್ಧ ಕತ್ತರಿಸಿದ್ದು ಎರಡು ಮೂರು ವರ್ಷ ಆದ ಮೇಲೆ ನೋಡೋಣ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಹಳೆ ಗೊಬ್ಬರ, ಒಂದು ಪಾಲು ದಪ್ಪ ಮರಳು, ಎರಡು ಹಿಡಿ ಬೇವಿನ ಹಿಂಡಿ. ಕೊಕೊಪೀಟ್ ಬೇಡವೇ ಬೇಡ, ಅದು ನೀರು ಹಿಡಿದಿಡುವುದಕ್ಕೆ ಇರುವುದು. ನಿಮ್ಮ ಕೈಗೆ ಅದೂ ಸೇರಿದರೆ ಮುಗಿಯಿತು! ತೂತು ಮುಚ್ಚದಂತೆ ಹೆಂಚಿನ ಚೂರು ಹಾಕಿ. ಕಸಿ ಮಾಡಿದ ಗಂಟು ಮಣ್ಣಿನ ಮೇಲೆ ಕಾಣುವಂತಿರಲಿ. ಆ ಗಂಟಿನ ಕೆಳಗಿನಿಂದ ಚಿಗುರು ಬಂದರೆ ಆಸೆಪಡಬೇಡಿ, ಕಿತ್ತುಹಾಕಿ. ಅದು ನಿಂಬೆಯಲ್ಲ, ಬುಡದ ಕಾಡು ಜಾತಿ.

ನಿಮ್ಮದು ಕಸಿ ಗಿಡ ಎನ್ನುವುದೇ ದೊಡ್ಡ ಪುಣ್ಯ. ನನಗೆ ಒಬ್ಬ ತಳ್ಳುಗಾಡಿಯವ ಕಸಿ ಎಂದು ಹೇಳಿ ಬೀಜದ ಗಿಡ ಕೊಟ್ಟಿದ್ದ. ಕಾಂಡಕ್ಕೆ ಸುಮ್ನೆ ಒಂದು ಪ್ಲಾಸ್ಟಿಕ್ ಪಟ್ಟಿ ಸುತ್ತಿದ್ದ. ಬೀಜದ ಗಿಡ ಕೆಟ್ಟದ್ದೇನಲ್ಲ, ನಮ್ಮ ಕಾಗ್ಜಿ ನಿಂಬೆ ಬೀಜದಿಂದಲೂ ಹೆಚ್ಚಾಗಿ ತಾಯಿಯ ಹಾಗೇ ಬರುತ್ತದೆ. ಆದರೆ ಐದಾರು ವರ್ಷ ಕಾಯಬೇಕು. ಕಸಿ ಗಿಡ, ಅಥವಾ ಗೂಟಿ, ಅಂದರೆ ಕೊಂಬೆಯಲ್ಲೇ ಬೇರು ಬರಿಸಿ ಮಾಡಿದ ಗಿಡ, ಎರಡು ಮೂರು ವರ್ಷಕ್ಕೆ ಹೂವು ತೋರಿಸುತ್ತದೆ.

ಈಗ ನನಗೆ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ಏಪ್ರಿಲ್ ಬಂದರೆ ಒಂದು ನಿಂಬೆಹಣ್ಣಿಗೆ ಹತ್ತು ರೂಪಾಯಿ ಯಾಕೆ ಎಂದು ಎಲ್ಲರೂ ಗೊಣಗುತ್ತೇವಲ್ವಾ? ನಿಂಬೆಗೆ ವರ್ಷಕ್ಕೆ ಮೂರು ಹೂವಿನ ಕಾಲ. ಮಾವು ಹೂ ಬಿಡುವಾಗ ಬರುವುದು ಅಂಬೆ ಬಹಾರ್, ಮೃಗಶಿರ ಮಳೆಗೆ ಬರುವುದು ಮೃಗ ಬಹಾರ್, ಹಸ್ತ ಮಳೆಯ ಹೊತ್ತಿಗೆ ಬರುವುದು ಹಸ್ತ ಬಹಾರ್. ಹೂವಿನಿಂದ ಹಣ್ಣಿಗೆ ಐದಾರು ತಿಂಗಳು. ಲೆಕ್ಕ ಹಾಕಿ: ಜನವರಿ, ಫೆಬ್ರವರಿಯ ಹೂವು ಹಣ್ಣಾಗುವುದು ಮಳೆಗಾಲದಲ್ಲಿ, ಆಗ ಪಾನಕ ಯಾರಿಗೆ ಬೇಕು? ಬೇಸಿಗೆಗೆ ಹಣ್ಣು ಬೇಕಾದರೆ ಹಸ್ತದ ಹೂವೇ ಬೇಕು. ಆ ಹೂವು ಬರಬೇಕಾದರೆ ಅದಕ್ಕೆ ಮೊದಲು ಗಿಡಕ್ಕೆ ಚೆನ್ನಾಗಿ ಬಾಯಾರಬೇಕು. ನೀರು ಸಿಗದಾಗ ಗಿಡ ಚಿಗುರುವುದು ನಿಲ್ಲಿಸಿ ಶಕ್ತಿ ಕೂಡಿಟ್ಟುಕೊಳ್ಳುತ್ತದೆ. ಮತ್ತೆ ನೀರು ಕಂಡ ತಕ್ಷಣ ಹೂವು. ಆದರೆ ಸೆಪ್ಟೆಂಬರಿನಲ್ಲಿ ಮೇಲಿನಿಂದ ಮಳೆ ಸುರಿಯುತ್ತಿರುವಾಗ ತೋಟದ ಗಿಡವನ್ನು ಬಾಯಾರಿಸುವುದು ಹೇಗೆ? ವಿಜಯಪುರ ಜಿಲ್ಲೆಯ ಇಂಡಿಯಲ್ಲಿ ಎಕರೆಗಟ್ಟಲೆ ನಿಂಬೆ ಬೆಳೆಯುವವರಿಗೂ ಮಳೆ ನಿಲ್ಲಿಸಲು ಆಗುವುದಿಲ್ಲ.

ನಿಮಗೆ ಆಗುತ್ತದೆ ಅತ್ತೆ. ಕುಂಡದ ಬಾಯಿಗೆ ಒಂದು ಪ್ಲಾಸ್ಟಿಕ್ ಹಾಳೆ ಕಟ್ಟಿ, ಕಾಂಡದ ಹತ್ತಿರ ಎತ್ತರ, ಅಂಚಿಗೆ ಇಳಿಜಾರು. ಗಿಡ ಬಿಸಿಲಿನಲ್ಲೇ ಇರಲಿ, ಮಣ್ಣಿಗೆ ಮಾತ್ರ ಮಳೆ ಬೀಳದಿರಲಿ. ಎಲೆ ಮಡಚಿಕೊಂಡು, ನಾಲ್ಕು ಉದುರುವವರೆಗೆ ಹಾಗೇ ಬಿಡಿ. ಕುಂಡದಲ್ಲಿ ಸಾಮಾನ್ಯವಾಗಿ ಎಂಟು ಹತ್ತು ದಿನ. ಹೊಟ್ಟೆ ಚುರ್ ಎನ್ನುತ್ತದೆ, ಗೊತ್ತು. ಆಮೇಲೆ ಹಾಳೆ ಬಿಚ್ಚಿ, ಮೇಲ್ಮಣ್ಣು ಕೆದಕಿ ಎರಡು ಬೊಗಸೆ ಗೊಬ್ಬರ ಹಾಕಿ. ಮೊದಲ ದಿನ ಅರ್ಧ ಚೊಂಬು ನೀರು, ಎರಡು ದಿನ ಬಿಟ್ಟು ತುಂಬ. ಕಳೆದ ದಸರಾ ಮುಗಿದು ಎರಡು ವಾರಕ್ಕೆ ನಮ್ಮ ತಾರಸಿಯೆಲ್ಲ ಘಮ್ ಎಂದಿತ್ತು. ಏಪ್ರಿಲ್‌ನಲ್ಲಿ 42 ಹಣ್ಣು. ಮೂರು ಪಕ್ಕದ ಮನೆಗೆ, ಉಳಿದದ್ದು ಉಪ್ಪಿನಕಾಯಿಗೆ.

ಆದರೆ ಈ ವರ್ಷ ನಿಮ್ಮ ಗಿಡಕ್ಕೆ ಇದನ್ನು ಮಾಡಬೇಡಿ. ರೋಗಿಗೆ ಉಪವಾಸ ಬೇಡ. ಮೊದಲು ಹೊಸ ಬೇರು ಬರಲಿ. ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ, ಒಣಗಿದ್ದರೆ ಮಾತ್ರ ನೀರು. ಹಾಕಿದಾಗ ತೂತಿನಿಂದ ಹರಿದುಹೋಗುವಷ್ಟು ಹಾಕಿ. ಆರು ಗಂಟೆ ಬಿಸಿಲು ಬೀಳುವ ಜಾಗ ಬೇಕು. ಅಡುಗೆಮನೆ ಕಿಟಕಿ ಸಾಲದು.

ಹೂವು ಬಂದಾಗ ಮುಕ್ಕಾಲು ಪಾಲು ಉದುರುತ್ತದೆ. ಅದು ಸಹಜ, ಆಗ ಮತ್ತೆ ಗ್ರೂಪಿನಲ್ಲಿ ಅಳಬೇಡಿ. ಕಡಲೆಕಾಯಿ ಹಿಂಡಿ ನೆನೆಸಿ ವಾರ ವಾರ ಹಾಕುವ ಉತ್ಸಾಹವೂ ಬೇಡ, ಬರೀ ಎಲೆ ಬೆಳೆಯುತ್ತದೆ.

ಹುಳದ ವಿಷಯ ಬೇಗ ಹೇಳಿಬಿಡುತ್ತೇನೆ. ಎಲೆ ಮೇಲೆ ಬೆಳ್ಳಿ ಗೆರೆ ಎಳೆದಂತಿದ್ದರೆ ರಂಗೋಲಿ ಹುಳ. ಲೀಟರಿಗೆ 5 ಎಂಎಲ್ ಬೇವಿನ ಎಣ್ಣೆ, ಎರಡು ಹನಿ ಸೋಪು ನೀರು ಸೇರಿಸಿ ಸಂಜೆ ಸಿಂಪಡಿಸಿ. ಹೂವಿದ್ದಾಗ ಬೇಡ, ಜೇನುನೊಣ ಬರುತ್ತವೆ. ಹಕ್ಕಿ ಹಿಕ್ಕೆಯಂತೆ ಎಲೆಗೆ ಅಂಟಿಕೊಂಡಿರುವುದು ಚಿಟ್ಟೆಯ ಮರಿ. ಮುಟ್ಟಿದರೆ ಕೆಂಪು ಕೊಂಬು ತೋರಿಸಿ ಹೆದರಿಸುತ್ತದೆ, ಏನೂ ಮಾಡುವುದಿಲ್ಲ. ನಮ್ಮ ಮಗಳು ಅವನ್ನು ಎತ್ತಿ ಕರಿಬೇವಿನ ಗಿಡಕ್ಕೆ ಬಿಡುತ್ತಾಳೆ, ಅಲ್ಲೂ ತಿಂದು ಬೆಳೆಯುತ್ತವೆ. ಕರಿಬೇವಿಗೆ ಈಗ ನಾನು ಕಾವಲು.

ನ್ಯೂಜೆರ್ಸಿ ತಮ್ಮ, ನಿನ್ನದು ಮೇಯರ್ ನಿಂಬೆ. ಚೀನಾದಿಂದ 1908ರಲ್ಲಿ ಅಮೆರಿಕಕ್ಕೆ ತಂದ ಫ್ರಾಂಕ್ ಮೇಯರ್ ಎಂಬವರ ಹೆಸರು ಅದಕ್ಕೆ. ಹಿಮ ಬೀಳುವ ಮೊದಲೇ ಒಳಗೆ ತೆಗೆದುಕೋ, ಹೀಟರ್ ಪಕ್ಕ ಇಡಬೇಡ. ಹುಳಿ ಕಡಿಮೆ, ಚಿತ್ರಾನ್ನಕ್ಕೆ ಎರಡು ಹಿಂಡು.

ಅತ್ತೆ, ಪ್ಲೇಟ್ ತೆಗೆದಿರಾ? ತೆಗೆದ ಮೇಲೆ ಕುಂಡದ ತಳದ ಫೋಟೊ ಹಾಕಿ, ಎಷ್ಟು ತೂತಿದೆ ನೋಡಬೇಕು. ಕುಕ್ಕರ್ ಕೂಗುತ್ತಿದೆ, ಇಡುತ್ತೇನೆ.