ಗ್ರಾಫೀನ್‌ನೊಳಗೆ ಎಲೆಕ್ಟ್ರಾನ್‌ನ ದ್ರವ್ಯರಾಶಿ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ಬೆಳ್ಳಿಚುಕ್ಕಿ

ನಾನು ಭೌತವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿನಿ. ಈ ಸೆಮಿಸ್ಟರ್‌ನಲ್ಲಿ ಕಣಭೌತವಿಜ್ಞಾನ ಮತ್ತು ನ್ಯಾನೊ ವಸ್ತುವಿಜ್ಞಾನ ಎರಡೂ ಇದ್ದು, ಒಂದರಲ್ಲಿ ಕಲಿತದ್ದು ಇನ್ನೊಂದಕ್ಕೆ ತಾಳೆಯಾಗುತ್ತಿಲ್ಲ. ಎಲೆಕ್ಟ್ರಾನ್‌ನ ದ್ರವ್ಯರಾಶಿ 511 ಕಿಲೊ ಎಲೆಕ್ಟ್ರಾನ್‌ವೋಲ್ಟ್, ಅದು ಎಲ್ಲೆಡೆ ವ್ಯಾಪಿಸಿರುವ ಹಿಗ್ಸ್ ಕ್ಷೇತ್ರದೊಂದಿಗಿನ ನಂಟಿನಿಂದ ಬಂದದ್ದು, ಎಲ್ಲಿ ಅಳೆದರೂ ಅಷ್ಟೇ ಇರುತ್ತದೆ ಎಂದು ಮೊದಲ ತರಗತಿಯಲ್ಲಿ ಬರೆದುಕೊಂಡೆ. ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆಯಾದ ಗ್ರಾಫೀನ್‌ನೊಳಗೆ ಎಲೆಕ್ಟ್ರಾನ್‌ಗಳು 'ದ್ರವ್ಯರಾಶಿಯಿಲ್ಲದ ಡಿರಾಕ್ ಕಣಗಳು' ಎಂದು ಎರಡನೆಯ ತರಗತಿಯಲ್ಲಿ ಬರೆದುಕೊಂಡೆ. ಇಂಗಾಲದ ಒಂದು ಹಾಳೆ ಹಿಗ್ಸ್ ಕ್ಷೇತ್ರವನ್ನು ತಡೆದು ನಿಲ್ಲಿಸುತ್ತದೆ ಎಂದು ಇದರ ಅರ್ಥವೇ? ಅಥವಾ 'ದ್ರವ್ಯರಾಶಿಯಿಲ್ಲದ' ಎನ್ನುವುದು ಬರಿಯ ಮಾತಿನ ಅಲಂಕಾರವೇ?

ಇನ್ನೂ ಒಂದು ತೊಡಕಿದೆ. ಶಕ್ತಿ ಮತ್ತು ಸಂವೇಗದ ರೇಖೆಯ ಬಾಗಿನಿಂದ ಪರಿಣಾಮಿ ದ್ರವ್ಯರಾಶಿಯನ್ನು (ವಸ್ತುವಿನೊಳಗೆ ಕಣಕ್ಕೆ ಇರುವಂತೆ ತೋರುವ ದ್ರವ್ಯರಾಶಿಯನ್ನು) ಪಡೆಯುವ ಸೂತ್ರವನ್ನು ಗ್ರಾಫೀನ್‌ಗೆ ಹಾಕಿ ನೋಡಿದೆ. ರೇಖೆ ನೇರವಾಗಿರುವುದರಿಂದ ಬಾಗು ಸೊನ್ನೆ, ಹಾಗಾಗಿ ದ್ರವ್ಯರಾಶಿ ಅನಂತ ಎಂದು ಬರುತ್ತದೆ, ಸೊನ್ನೆ ಎಂದಲ್ಲ! ನಾನು ಎಲ್ಲಿ ಎಡವುತ್ತಿದ್ದೇನೆ ಎಂದು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ಹಳೆಯ ಮೇಷ್ಟ್ರು

ಹಿಗ್ಸ್ ಕ್ಷೇತ್ರಕ್ಕೆ ಏನೂ ಆಗುವುದಿಲ್ಲ. ಗ್ರಾಫೀನ್‌ನಲ್ಲಿ ಒಂದು ಪರಮಾಣುವಿನಿಂದ ಪಕ್ಕದ ಪರಮಾಣುವಿಗೆ ಎಲೆಕ್ಟ್ರಾನ್ ಜಿಗಿಯುವುದಕ್ಕೆ ಸಂಬಂಧಿಸಿದ ಶಕ್ತಿ ಸುಮಾರು 3 ಎಲೆಕ್ಟ್ರಾನ್‌ವೋಲ್ಟ್. ಎಲೆಕ್ಟ್ರಾನ್‌ನ ನಿಶ್ಚಲ ದ್ರವ್ಯರಾಶಿಯ ಶಕ್ತಿ ಐದು ಲಕ್ಷ ಎಲೆಕ್ಟ್ರಾನ್‌ವೋಲ್ಟ್‌ಗಿಂತ ಹೆಚ್ಚು. ಮೂರು ರೂಪಾಯಿ ಇಟ್ಟುಕೊಂಡವನು ಐದು ಲಕ್ಷದ ಸಾಲವನ್ನು ಅಳಿಸಿಹಾಕಲಾರ.

ಇದಕ್ಕೆ ಪ್ರಯೋಗದ ಸಾಕ್ಷ್ಯವೇ ಇದೆ. ಗ್ರಾಫೀನ್ ಮೇಲೆ ನೇರಳಾತೀತ ಬೆಳಕನ್ನೋ ಮೃದು ಕ್ಷಕಿರಣವನ್ನೋ ಬಿಟ್ಟು, ಒಳಗಿನ ಎಲೆಕ್ಟ್ರಾನ್‌ಗಳನ್ನು ಹೊರಕ್ಕೆ ಚಿಮ್ಮಿಸಿ, ಅವು ಯಾವ ಕೋನದಲ್ಲಿ ಎಷ್ಟು ಶಕ್ತಿಯೊಂದಿಗೆ ಬಂದವು ಎಂದು ಅಳೆಯುವ ಪದ್ಧತಿಯಿದೆ. ಶಕ್ತಿ ಮತ್ತು ಸಂವೇಗದ ನಕ್ಷೆಯಲ್ಲಿ ಕಾಣುವ, ನಿಮ್ಮ ಪಠ್ಯದಲ್ಲಿರುವ ಆ ಪ್ರಸಿದ್ಧ ಶಂಕುವಿನ ಆಕಾರವನ್ನು ಪ್ರಯೋಗದಲ್ಲಿ ಕಾಣಿಸಿದ್ದು ಈ ಪದ್ಧತಿಯೇ. ಹೊರಬಂದ ಎಲೆಕ್ಟ್ರಾನ್‌ನ ಶಕ್ತಿಯಿಂದ ಸಂವೇಗವನ್ನು ಲೆಕ್ಕಹಾಕುವಾಗ ಅಲ್ಲಿ ಬಳಸುವುದು ಎಲೆಕ್ಟ್ರಾನ್‌ನ ಪೂರ್ಣ ದ್ರವ್ಯರಾಶಿಯನ್ನು. ದ್ರವ್ಯರಾಶಿಯಿಲ್ಲ ಎಂದು ತೋರಿಸುವ ಚಿತ್ರವನ್ನು ಬರೆಯುವುದಕ್ಕೇ ದ್ರವ್ಯರಾಶಿ ಬೇಕಾಗುತ್ತದೆ ಎಂಬ ಈ ತಮಾಷೆಯನ್ನು ತರಗತಿಯಲ್ಲಿ ಯಾಕೆ ಹೇಳುವುದಿಲ್ಲವೋ ನಾನರಿಯೆ.

ಹಾಗಾದರೆ ದ್ರವ್ಯರಾಶಿ ಇಲ್ಲದಿರುವುದು ಯಾವುದಕ್ಕೆ? ಹಾಳೆಯೊಳಗೆ ಚಲಿಸುವುದು ಒಂಟಿ ಎಲೆಕ್ಟ್ರಾನ್ ಅಲ್ಲ. ಜಾಲಕದ ಎಲ್ಲ ಪರಮಾಣುಗಳ ಸೆಳೆತವನ್ನೂ ಒಳಗೊಂಡ ಅಲೆಯೊಂದು ಅಲ್ಲಿ ಚಲಿಸುತ್ತದೆ, ಅದನ್ನೇ ನಾವು ಸಲೀಸಾಗಿ 'ಎಲೆಕ್ಟ್ರಾನ್' ಎಂದುಬಿಡುತ್ತೇವೆ. ಗ್ರಾಫೀನ್‌ನ ಜೇನುಗೂಡಿನಲ್ಲಿ 0.142 ನ್ಯಾನೊಮೀಟರ್ ಅಂತರದಲ್ಲಿ ಪರಮಾಣುಗಳಿದ್ದು, ಅವು ಎರಡು ಉಪಜಾಲಕಗಳಿಗೆ ಸೇರಿರುತ್ತವೆ, ಒಂದರ ನೆರೆಯವರೆಲ್ಲ ಇನ್ನೊಂದಕ್ಕೆ ಸೇರಿದವರು. ಆದ್ದರಿಂದ ಅಲೆಗೆ ಎರಡು ಘಟಕಗಳು ಬೇಕಾಗುತ್ತವೆ. ಅವೆರಡನ್ನೂ ಸೇರಿಸಿ ಬರೆದ ಸಮೀಕರಣವನ್ನು ಸಂವೇಗದ ಕೆಲವು ನಿರ್ದಿಷ್ಟ ಬಿಂದುಗಳ ಸಮೀಪದಲ್ಲಿ ನೋಡಿದರೆ, ಅದು ಡಿರಾಕ್ ಸಮೀಕರಣದ, ಅಂದರೆ ಬೆಳಕಿನ ವೇಗಕ್ಕೆ ಹತ್ತಿರವಾಗಿ ಚಲಿಸುವ ಎಲೆಕ್ಟ್ರಾನ್‌ಗೂ ಹೊಂದುವ ಕ್ವಾಂಟಂ ಸಮೀಕರಣದ, ದ್ರವ್ಯರಾಶಿಯ ಪದವನ್ನು ಕೈಬಿಟ್ಟ ಆಕಾರವನ್ನೇ ತಾಳುತ್ತದೆ. ಬೆಳಕಿನ ವೇಗ ಇರಬೇಕಾದ ಜಾಗದಲ್ಲಿ ಸೆಕೆಂಡಿಗೆ ಸುಮಾರು 10 ಲಕ್ಷ ಮೀಟರ್, ಅಂದರೆ ಬೆಳಕಿನ ವೇಗದ ಮುನ್ನೂರರಲ್ಲಿ ಒಂದು ಪಾಲು, ಬಂದು ಕೂರುತ್ತದೆ. ಇಂಗಾಲದ ಒಂದೇ ಪದರದ ಈ ಲೆಕ್ಕವನ್ನು ಫಿಲಿಪ್ ವ್ಯಾಲೇಸ್ 1947ರಲ್ಲೇ ಮಾಡಿದ್ದರು. ಅವರಿಗೆ ಬೇಕಾಗಿದ್ದದ್ದು ಗ್ರಾಫೈಟ್, ಒಂಟಿ ಪದರ ಅದಕ್ಕೆ ಮೆಟ್ಟಿಲಾಗಿತ್ತು ಅಷ್ಟೇ.

ಸೂತ್ರದ ತೊಡಕಿಗೆ ಬರೋಣ. ಬಾಗಿನ ಸೂತ್ರ ಹೊಂದುವುದು ರೇಖೆ ಪರವಲಯದಂತಿರುವ ಕಡೆ. ಗ್ಯಾಲಿಯಂ ಆರ್ಸೆನೈಡ್‌ನಲ್ಲಿ ಅದು ಎಲೆಕ್ಟ್ರಾನ್‌ನ ದ್ರವ್ಯರಾಶಿಯ 0.067 ಪಾಲು ಎಂಬ ಉಪಯುಕ್ತ ಉತ್ತರ ಕೊಡುತ್ತದೆ. ಗ್ರಾಫೀನ್‌ನಲ್ಲಿ ನೋಡಬೇಕಾದದ್ದು ಸಂವೇಗವನ್ನು ವೇಗದಿಂದ ಭಾಗಿಸಿದಾಗ ಸಿಗುವ ದ್ರವ್ಯರಾಶಿಯನ್ನು, ಕಾಂತಕ್ಷೇತ್ರದಲ್ಲಿ ಕಣ ಸುತ್ತುಹಾಕುವಾಗ ಪ್ರಯೋಗಕ್ಕೆ ಸಿಗುವುದೂ ಅದೇ. ಚದರ ಸೆಂಟಿಮೀಟರಿಗೆ ಒಂದು ಲಕ್ಷ ಕೋಟಿ ಎಲೆಕ್ಟ್ರಾನ್‌ಗಳಿದ್ದಾಗ ಅದು ಸುಮಾರು 0.02 ಪಾಲು. ಸಾಂದ್ರತೆಯನ್ನು ಕಡಿಮೆ ಮಾಡುತ್ತ ಹೋದರೆ ಅದರ ವರ್ಗಮೂಲದಂತೆ ಇಳಿದು ಸೊನ್ನೆಯತ್ತ ಸಾಗುತ್ತದೆ. ಸಾಮಾನ್ಯ ಅರೆವಾಹಕದಲ್ಲಿ ಹೀಗೆ ಇಳಿಯುವುದಿಲ್ಲ. 2005ರಲ್ಲಿ ಆಂದ್ರೇ ಗೈಮ್ ಮತ್ತು ಕಾನ್‌ಸ್ಟಂಟೈನ್ ನೊವೊಸೆಲೊವ್ ಅವರ ತಂಡ ಒಂದು ಕಡೆ, ಫಿಲಿಪ್ ಕಿಮ್ ಅವರ ತಂಡ ಇನ್ನೊಂದು ಕಡೆ ತೋರಿಸಿಕೊಟ್ಟದ್ದರಲ್ಲಿ ಇದೂ ಒಂದು.

ಉತ್ತರ: ಎಡಗೈ ಬಲಗೈ

ಮೇಷ್ಟ್ರ ವಿವರಣೆಯನ್ನು ಒಪ್ಪುತ್ತೇನೆ. ಆದರೆ ಅದನ್ನು ಓದಿದವರು 'ಸಮೀಕರಣದ ಆಕಾರ ಆಕಸ್ಮಿಕವಾಗಿ ಹೊಂದಿಕೊಂಡಿದೆ, ಅಷ್ಟೇ' ಎಂದುಕೊಂಡರೆ ಅನ್ಯಾಯವಾಗುತ್ತದೆ. ನಾನು ಕಣಭೌತವಿಜ್ಞಾನದ ಸಿದ್ಧಾಂತದ ಕಡೆಯವನು, ನನಗೆ ಇಲ್ಲಿ ಮುಖ್ಯವೆನಿಸುವುದು ದ್ರವ್ಯರಾಶಿ ಏಕೆ ಸೊನ್ನೆ ಎಂಬುದು. ಎರಡು ಉಪಜಾಲಕಗಳಲ್ಲೂ ಇರುವುದು ಇಂಗಾಲವೇ ಆದ್ದರಿಂದ ಒಂದನ್ನು ಇನ್ನೊಂದರೊಂದಿಗೆ ಅದಲುಬದಲು ಮಾಡಿದರೂ ಏನೂ ವ್ಯತ್ಯಾಸವಾಗದು. ಆ ಸಮಮಿತಿಯೇ ದ್ರವ್ಯರಾಶಿಯ ಪದವನ್ನು ಒಳಗೆ ಬಿಡುವುದಿಲ್ಲ. ಒಂದರಲ್ಲಿ ಬೋರಾನ್, ಇನ್ನೊಂದರಲ್ಲಿ ನೈಟ್ರೋಜನ್ ಇಟ್ಟು ಅದೇ ಜೇನುಗೂಡನ್ನು ಕಟ್ಟಿದರೆ ಸಮಮಿತಿ ಮುರಿಯುತ್ತದೆ, ಸಮೀಕರಣದಲ್ಲಿ ದ್ರವ್ಯರಾಶಿಯ ಪದ ತಲೆಯೆತ್ತುತ್ತದೆ, ಮೇಲಿನ ಮತ್ತು ಕೆಳಗಿನ ಶಂಕುಗಳ ನಡುವೆ ಸುಮಾರು 6 ಎಲೆಕ್ಟ್ರಾನ್‌ವೋಲ್ಟ್‌ನ ಕಂದಕ (ಎಲೆಕ್ಟ್ರಾನ್ ಇರಲಾಗದ ಶಕ್ತಿಯ ವಲಯ) ಬೀಳುತ್ತದೆ. ಬೋರಾನ್ ನೈಟ್ರೈಡ್ ವಿದ್ಯುತ್ ನಿರೋಧಕವಾಗಿರುವುದು ಇದರಿಂದಲೇ. ನಮ್ಮ ಕಡೆಯೂ ಕಥೆಯ ಹಂದರ ಇದೇ ತಾನೆ? ಸಮಮಿತಿಯೊಂದು ಎಲೆಕ್ಟ್ರಾನ್‌ಗೆ ದ್ರವ್ಯರಾಶಿ ಕೂಡದೆಂದು ತಡೆದಿರುತ್ತದೆ, ಅದು ಮುರಿದಾಗ ದ್ರವ್ಯರಾಶಿ ಬರುತ್ತದೆ. ಮುರಿಯುವವರು ಬೇರೆ ಬೇರೆ, ಅಷ್ಟೇ.

ಕೊಡುಕೊಳ್ಳುವಿಕೆಯೂ ನಿಜವಾದದ್ದೇ. ಡಿರಾಕ್ ಸಮೀಕರಣವನ್ನು ಪಾಲಿಸುವ ಕಣ ಎತ್ತರದ ವಿಭವದ ಗೋಡೆಯನ್ನು ಸಲೀಸಾಗಿ ದಾಟಿಬಿಡುತ್ತದೆ ಎಂಬ ವಿಚಿತ್ರವನ್ನು ಆಸ್ಕರ್ ಕ್ಲೈನ್ 1929ರಲ್ಲಿ ಗುರುತಿಸಿದರು. ನಿರ್ವಾತದಲ್ಲಿ ಇದನ್ನು ಪರೀಕ್ಷಿಸಬೇಕಾದರೆ, ಪರಮಾಣುವಿಗಿಂತ ನೂರಾರು ಪಟ್ಟು ಕಿರಿದಾದ ದೂರದೊಳಗೆ ಹತ್ತು ಲಕ್ಷ ವೋಲ್ಟ್‌ಗೂ ಮೀರಿದ ಏರಿಕೆ ಬೇಕು, ಅಂಥದ್ದನ್ನು ಯಾರೂ ಕಟ್ಟಲಾರರು. ಗ್ರಾಫೀನ್‌ನಲ್ಲಿ ಕಂದಕವೇ ಇಲ್ಲದಿರುವುದರಿಂದ ಲೋಹದ ಸಣ್ಣ ಪಟ್ಟಿಯೊಂದಕ್ಕೆ ಕೆಲವು ವೋಲ್ಟ್ ಕೊಟ್ಟರೆ ಅಂಥ ಗೋಡೆ ಎದ್ದು ನಿಲ್ಲುತ್ತದೆ. 2009ರಲ್ಲಿ ಅದರ ಸಾಕ್ಷ್ಯ ಸಿಕ್ಕಿತು. ಎಂಬತ್ತು ವರ್ಷ ಕಾದ ಒಂದು ಲೆಕ್ಕಕ್ಕೆ ಪೆನ್ಸಿಲ್ ಕಡ್ಡಿಯ ವಸ್ತು ಉತ್ತರ ಕೊಟ್ಟಿತು.

ಉತ್ತರ: ಪದರ ಬಿಡಿಸುವವಳು

ಸಿದ್ಧಾಂತವನ್ನು ಇಬ್ಬರೂ ಹೇಳಿದ್ದಾರೆ. ನಾನು ಪ್ರಯೋಗಾಲಯದಲ್ಲಿ ಕಂಡ ಒಂದು ಪ್ರಸಂಗವನ್ನು ಹೇಳುತ್ತೇನೆ, ಏಕೆಂದರೆ ದ್ರವ್ಯರಾಶಿ ಇದೆಯೋ ಇಲ್ಲವೋ ಎನ್ನುವುದು ನನಗೆ ಮನವರಿಕೆಯಾದದ್ದು ನನ್ನದೇ ತಪ್ಪಿನಿಂದ.

ಗ್ರಾಫೈಟ್ ಚೂರನ್ನು ಅಂಟುಪಟ್ಟಿಯ ಮೇಲೆ ಒತ್ತಿ, ಪಟ್ಟಿಯನ್ನು ಮಡಚಿ ಬಿಡಿಸಿ, ಮತ್ತೆ ಮಡಚಿ ಬಿಡಿಸಿ, ಕೊನೆಗೆ ಸಿಲಿಕಾನ್ ಬಿಲ್ಲೆಯ ಮೇಲೆ ಒತ್ತಿದರೆ ನೂರಾರು ಚೂರುಗಳು ಅಂಟಿಕೊಳ್ಳುತ್ತವೆ. ಬಿಲ್ಲೆಯ ಮೇಲೆ ಸುಮಾರು 300 ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಇದ್ದರೆ ಸೂಕ್ಷ್ಮದರ್ಶಕದಲ್ಲಿ ಅದು ನೇರಳೆಯಾಗಿ ಕಾಣುತ್ತದೆ, ಒಂಟಿ ಪದರವು ಆ ನೇರಳೆಯ ಮೇಲೆ ಒದ್ದೆ ಬೆರಳಿನ ಗುರುತಿನಷ್ಟು ತೆಳುವಾಗಿ ಗೋಚರಿಸುತ್ತದೆ. ಎರಡು ಪದರವಿದ್ದರೆ ಛಾಯೆ ತುಸು ಗಾಢ. ದಿನವಿಡೀ ನೋಡಿ ದಣಿದ ಕಣ್ಣು ಅಲ್ಲೇ ಮೋಸಹೋಗುತ್ತದೆ. ಚದುರಿದ ಲೇಸರ್ ಬೆಳಕಿನಿಂದ ಪದರಗಳನ್ನು ಗುರುತಿಸುವ ರಾಮನ್ ವರ್ಣಪಟಲ ತೆಗೆದು ಖಚಿತಪಡಿಸಿಕೊಳ್ಳಬೇಕಿತ್ತು, ಯಂತ್ರದ ಸರದಿ ಮರುವಾರಕ್ಕೆ ಇದ್ದುದರಿಂದ ಬಣ್ಣವನ್ನೇ ನಂಬಿ ಸಂಪರ್ಕಗಳನ್ನು ಜೋಡಿಸಿಬಿಟ್ಟೆ.

ಶೀತಕದೊಳಗೆ ಇಳಿಸಿ, ಕಾಂತಕ್ಷೇತ್ರ ಏರಿಸಿ ಹಾಲ್ ವಾಹಕತೆಯನ್ನು (ಪ್ರವಾಹಕ್ಕೆ ಅಡ್ಡಲಾಗಿ ಏಳುವ ವೋಲ್ಟೇಜ್‌ನಿಂದ ತಿಳಿಯುವ ವಾಹಕತೆಯನ್ನು) ಅಳೆದಾಗ ಮೆಟ್ಟಿಲುಗಳು ಬಂದವು. ಒಂಟಿ ಪದರಕ್ಕೆ ಅವು, e²/h ಎಂಬ ಮೂಲಮಾನದಲ್ಲಿ, 2, 6, 10 ಎಂಬ ಸಂಖ್ಯೆಗಳಲ್ಲಿ ಬರಬೇಕು. ನನಗೆ ಬಂದದ್ದು 4, 8, 12. ಮೊದಲು ತಂತಿ ಜೋಡಣೆಯನ್ನೇ ಅನುಮಾನಿಸಿದೆ. ಉಷ್ಣತೆಯನ್ನು ಬದಲಿಸಿ ದ್ರವ್ಯರಾಶಿಯನ್ನು ಲೆಕ್ಕಹಾಕಿದಾಗ ಅದು ಸುಮಾರು 0.03 ಪಾಲು ಬಂತು, ಸಾಂದ್ರತೆಯನ್ನು ಇಳಿಸಿದಾಗ ಸೊನ್ನೆಯ ಕಡೆಗೆ ಹೋಗುವ ಲಕ್ಷಣವನ್ನೂ ತೋರಲಿಲ್ಲ. ಆಮೇಲೆ ತೆಗೆದ ರಾಮನ್ ವರ್ಣಪಟಲದಲ್ಲಿ, ಸೆಂಟಿಮೀಟರಿಗೆ 2700 ಅಲೆಗಳ ಆಸುಪಾಸಿನಲ್ಲಿ ಒಂದೇ ಚೂಪು ಶಿಖರ ಇರಬೇಕಾದಲ್ಲಿ ಅಗಲವಾದ ಗುಡ್ಡವಿತ್ತು. ಅದು ಎರಡು ಪದರದ ಚೂರು. ಎರಡು ಪದರಗಳು ಒಂದರ ಮೇಲೊಂದು ಕೂತಾಗ ಶಂಕುವಿನ ತುದಿ ದುಂಡಗಾಗಿ ಕಣಗಳಿಗೆ ಪರಿಣಾಮಿ ದ್ರವ್ಯರಾಶಿ ಬಂದುಬಿಡುತ್ತದೆ. 0.335 ನ್ಯಾನೊಮೀಟರ್ ಮೇಲೆ ಇನ್ನೊಂದು ಹಾಳೆ ಇದ್ದುದರಿಂದ ಆದ ವ್ಯತ್ಯಾಸ ಇದು, ಹಿಗ್ಸ್‌ಗೂ ಇದಕ್ಕೂ ಸಂಬಂಧವಿಲ್ಲ.

ಎಡಗೈ ಬಲಗೈ ಅವರು ಸಂತೋಷದಿಂದ ಹೇಳಿದ ಕ್ಲೈನ್ ಪರಿಣಾಮ ನಮ್ಮಂಥವರಿಗೆ ತಲೆನೋವು ಎಂದೂ ಸೇರಿಸುತ್ತೇನೆ. ಗೋಡೆ ಕಟ್ಟಿದರೂ ನಿಲ್ಲದ ಎಲೆಕ್ಟ್ರಾನ್‌ಗಳಿಂದ, ಕಂದಕವಿಲ್ಲದ ಹಾಳೆಯಿಂದ, ಪೂರ್ತಿ ಆರಿಹೋಗುವ ಟ್ರಾನ್ಸಿಸ್ಟರ್ ಮಾಡುವುದು ಕಷ್ಟ.

ಬೆಳ್ಳಿಚುಕ್ಕಿ:

ಮೂವರಿಗೂ ಧನ್ಯವಾದಗಳು. ಸೂತ್ರದ ಗೊಂದಲ ಬಗೆಹರಿಯಿತು. ಕೊನೆಯದಾಗಿ ಒಂದು ಸಣ್ಣ ಪ್ರಶ್ನೆ. ಹಾಗಿದ್ದರೆ ಈ ಕಣಗಳನ್ನು, ದ್ರವ್ಯರಾಶಿಯಿಲ್ಲವೆಂದು ಹೇಳಲಾಗುತ್ತಿದ್ದ ನ್ಯೂಟ್ರಿನೊ ಕಣಗಳಿಗೆ ಹೋಲಿಸುವುದು ಸರಿಯೇ?

ಉತ್ತರ: ಹಳೆಯ ಮೇಷ್ಟ್ರು

ಆ ಹೋಲಿಕೆ ಹಳೆಯದು, ಈಗ ಎರಡು ಕಡೆಯಿಂದ ಸವೆದಿದೆ. ನ್ಯೂಟ್ರಿನೊಗಳು ಒಂದು ಬಗೆಯಿಂದ ಇನ್ನೊಂದಕ್ಕೆ ಬದಲಾಗುತ್ತವೆ ಎಂದು ಸೂಪರ್ ಕಾಮಿಯೊಕಾಂಡೆ ಪ್ರಯೋಗವು 1998ರಲ್ಲಿ ತೋರಿಸಿದ ಮೇಲೆ, ಅವುಗಳಿಗೂ ಅತ್ಯಲ್ಪ ದ್ರವ್ಯರಾಶಿ ಇದೆ ಎಂದು ಒಪ್ಪಬೇಕಾಯಿತು. ಇನ್ನೊಂದು ಕಡೆ, ನ್ಯೂಟ್ರಿನೊಗೆ ವಿದ್ಯುದಂಶವಿಲ್ಲ, ಗ್ರಾಫೀನ್‌ನ ಕಣಕ್ಕೆ ಇದೆ. ಕಣಗಳ ವೇಗ ಮುನ್ನೂರು ಪಟ್ಟು ಕಡಿಮೆಯಿದ್ದರೂ ಅವುಗಳ ನಡುವಿನ ವಿದ್ಯುತ್ ಬಲ ಅಷ್ಟೇ ಇರುವುದರಿಂದ, ಆ ಬಲದ ತೀವ್ರತೆಯನ್ನು ಸೂಚಿಸುವ, 137ರಲ್ಲಿ ಒಂದು ಪಾಲು ಎಂದು ನೀವು ಕಲಿತ ಸೂಕ್ಷ್ಮರಚನಾ ಸ್ಥಿರಾಂಕದ ಜಾಗದಲ್ಲಿ, ತೂಗುಬಿಟ್ಟ ಹಾಳೆಯಲ್ಲಿ ಸುಮಾರು 2.2 ಬರುತ್ತದೆ. ಅಷ್ಟು ಗಟ್ಟಿಯಾಗಿ ಒಂದನ್ನೊಂದು ತಳ್ಳಾಡುವ ಕಣಗಳನ್ನು, ಭೂಮಿಯನ್ನೇ ತೂರಿ ಹೋಗುವ ನ್ಯೂಟ್ರಿನೊಗೆ ಹೋಲಿಸಲು ನನಗಂತೂ ಮನಸ್ಸು ಬರುವುದಿಲ್ಲ. 2011ರಲ್ಲಿ ತೂಗುಬಿಟ್ಟ ಗ್ರಾಫೀನ್‌ನಲ್ಲಿ ಸಾಂದ್ರತೆಯನ್ನು ಬಹಳ ಇಳಿಸಿ ಅಳೆದಾಗ, ಈ ತಳ್ಳಾಟದಿಂದಲೇ ಕಣಗಳ ವೇಗ ಸುಮಾರು ಮೂರು ಪಟ್ಟು ಏರಿದ್ದು ಕಂಡಿತು. ಪರೀಕ್ಷೆ ಮುಗಿದ ಮೇಲೆ ಅದರ ಬಗ್ಗೆ ಬೇರೆ ಪ್ರಶ್ನೆ ಹಾಕಿ, ವಿವರವಾಗಿ ಬರೆಯುತ್ತೇನೆ.