ಕಾಂಪೌಂಡ್ ಪಕ್ಕದ ಗ್ರೋ ಬ್ಯಾಗ್: ಎಲೆ ಅಂಚು ಸುಡುತ್ತಿದೆ, ಟೊಮೆಟೊ ತಳ ಕಪ್ಪು. ಯಾರಾದರೂ ಹೇಳಿ

ಸೈಡ್‌ಪ್ಯಾಸೇಜ್:
ಸಾಕಾಗಿ ಹೋಗಿದೆ. ಬೆಂಗಳೂರು ಉತ್ತರ, 30×40 ಸೈಟು. ಮನೆ ಪಕ್ಕ ಮೂರಡಿ ಓಣಿ, ಆಮೇಲೆ ಕಾಂಪೌಂಡ್. ಗೋಡೆ ಎರಡೂ ಮನೆಗೆ ಸೇರಿದ್ದು. ಅದಕ್ಕೆ ಒತ್ತಿ ಗ್ರೋ ಬ್ಯಾಗ್ ಸಾಲು ಇಟ್ಟಿದ್ದೇನೆ. ಟೊಮೆಟೊ, ಬೀನ್ಸ್, ಮೆಣಸಿನಕಾಯಿ, ಪಾಲಕ್.

ಬೀನ್ಸ್ ಹೂ ಬಿಡುವ ಮೊದಲೇ ಒಣಗಿತು. ಟೊಮೆಟೊ ಎಲೆ ಅಂಚು ಇಸ್ತ್ರಿ ಪೆಟ್ಟಿಗೆ ತಾಗಿಸಿದ ಹಾಗೆ ಕಂದಾಗಿದೆ. ಕಾಯಿ ನಿಂಬೆ ಗಾತ್ರಕ್ಕೆ ಬರುವಷ್ಟರಲ್ಲಿ ತಳ ಕಪ್ಪಾಗಿ ಒಳಕ್ಕೆ ತಗ್ಗುತ್ತದೆ. ಮೆಣಸಿನ ಗಿಡ ಬೆಳೆಯುವುದೂ ಇಲ್ಲ, ಸಾಯುವುದೂ ಇಲ್ಲ. ಪಾಲಕ್ ಒಂದು ಮಾತ್ರ ಜೋರಾಗಿದೆ. ಹೋದ ವರ್ಷ ಇದೇ ಜಾಗ, ಇದೇ ಮಿಶ್ರಣ, ಏನೂ ತೊಂದರೆ ಇರಲಿಲ್ಲ.

ಬೇವಿನೆಣ್ಣೆ ಹೊಡೆದಾಯ್ತು. ಎರೆಹುಳು ಗೊಬ್ಬರ ಹಾಕಿದ್ದಾಯ್ತು. ಹೊಟ್ಟೆ ಉರಿಯುವುದು ಯಾಕೆ ಅಂದರೆ, ಗೋಡೆ ಆಚೆ ಪಕ್ಕದ ಮನೆ ಆಂಟಿ ಹಳೇ ಪೇಂಟ್ ಡಬ್ಬದಲ್ಲಿ ಹಾಕಿದ ಟೊಮೆಟೊ ಕಾಯಿ ಭಾರಕ್ಕೆ ಬಾಗಿದೆ! ಹೋದ ತಿಂಗಳು ಅವರ ಕಡೆ ಯಾರೋ ಬೆನ್ನಿಗೆ ಪಂಪ್ ಹಾಕಿಕೊಂಡು ಬಂದು ಏನೋ ಹೊಡೆದು ಹೋದರು. ಅದೇ ಇರಬಹುದಾ? ಫೋಟೋ ಅಪ್‌ಲೋಡ್ ಆಗುತ್ತಿಲ್ಲ, ಸೈಜ್ ಜಾಸ್ತಿ ಅಂತಿದೆ.

ಹಿಂಡಿಗೊಬ್ಬರ:
ತಳ ಕಪ್ಪು ಅಂದರೆ ಕ್ಯಾಲ್ಸಿಯಂ ಕೊರತೆ. ಬೇರೆ ಮಾತೇ ಇಲ್ಲ. ಮೊಟ್ಟೆ ಚಿಪ್ಪು ಪುಡಿ ಮಾಡಿ ಹಾಕಿ ಸಾರ್.

ತಾರಸಿತೋಟ:
ಮೂರಡಿ ಓಣಿಯಲ್ಲಿ ಬಿಸಿಲೇ ಬೀಳುವುದಿಲ್ಲ. ಟೊಮೆಟೊಗೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ನಮ್ಮ ತಾರಸಿ ಮೇಲೆ ಬೆಳಗ್ಗೆ ಏಳರಿಂದ ಬಿಸಿಲು. 15×15 ಎಚ್‌ಡಿಪಿಇ ಬ್ಯಾಗ್, ಡ್ರಿಪ್, ಟೈಮರ್, ಮೇಲೆ 50 ಪರ್ಸೆಂಟ್ ಶೇಡ್ ನೆಟ್. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನ ಅರ್ಕಾ ರಕ್ಷಕ್ ಟೊಮೆಟೊ ತಳಿ ಹಾಕಿದ್ದೇನೆ. ಎಲೆ ಮುಟುರು ರೋಗ ಹತ್ತಿರವೂ ಬಂದಿಲ್ಲ.

ಸೈಡ್‌ಪ್ಯಾಸೇಜ್:
ನಾನು ಸಾರ್ ಅಲ್ಲ, ಮೇಡಂ. ಚಿಪ್ಪು ಹಾಕಿಯೂ ಆಗಿದೆ. ಬಿಸಿಲು ಹೋದ ವರ್ಷ ಎಷ್ಟಿತ್ತೋ ಈ ವರ್ಷವೂ ಅಷ್ಟೇ. ಎಲೆ ಮುಟುರೂ ಅಲ್ಲ ಇದು. ಎಲೆ ಮುದುಡಿಲ್ಲ, ಅಂಚು ಸುಟ್ಟಿದೆ.

ನಿವೃತ್ತ_ಮೇಷ್ಟ್ರು:
ಮೇಡಂ, ಮೂರು ಪ್ರಶ್ನೆ. ಸುಡುವುದು ಕೆಳಗಿನ ಹಳೇ ಎಲೆಯೋ, ತುದಿಯ ಚಿಗುರೋ? ಯಾವ ನೀರು ಹಾಕುತ್ತೀರಿ? ಹಾಕಿದ ನೀರು ಬ್ಯಾಗಿನ ತಳದಿಂದ ಹೊರಗೆ ಹೋಗುತ್ತದೆಯೇ?

ಸೈಡ್‌ಪ್ಯಾಸೇಜ್:
ಹಳೇ ಎಲೆ ಮೊದಲು. ನೀರು ನಲ್ಲಿ ನೀರೇ, ಇನ್ಯಾವುದು ಹಾಕುತ್ತಾರೆ?

ಕಬ್ಬಿನಗದ್ದೆ:
ಪಂಪ್ ಹಾಕಿಕೊಂಡು ಬಂದಿದ್ದರು ಅಂದಿರಲ್ಲ, ಅಲ್ಲೇ ಇದೆ ಉತ್ತರ. ಕಳೆನಾಶಕ. ನಮ್ಮ ಮಂಡ್ಯ ಕಡೆ ಕಬ್ಬಿಗೆ 2,4-ಡಿ ಹೊಡೆಯುವ ದಿನ ಗಾಳಿ ಇದ್ದರೆ ಪಕ್ಕದ ಟೊಮೆಟೊ, ಹತ್ತಿ ಎಲ್ಲ ಹೋಯಿತು ಅಂತಲೇ ಲೆಕ್ಕ. ಟೊಮೆಟೊಗೆ ಅದರ ಗಾಳಿ ಸೋಕಿದರೂ ಸಾಕು. ಮೊದಲು ಗೋಡೆ ಮೇಲೆ ಶೇಡ್ ನೆಟ್ ಕಟ್ಟಿ. ಮುಂದಿನ ಸಲ ಬಂದಾಗ ವೀಡಿಯೋ ಮಾಡಿ ಇಟ್ಟುಕೊಳ್ಳಿ.

ನಿವೃತ್ತ_ಮೇಷ್ಟ್ರು:
2,4-ಡಿ ತಾಗಿದ್ದರೆ ಚಿಗುರು ಮೊದಲು ಕೆಡುತ್ತದೆ. ಎಲೆ ಸಣ್ಣಗಾಗಿ, ತಿರುಚಿಕೊಂಡು, ನರಗಳು ಒತ್ತೊತ್ತಾಗಿ ಕಾಣುತ್ತವೆ. ಇವರು ಹಳೇ ಎಲೆಯ ಅಂಚು ಅನ್ನುತ್ತಿದ್ದಾರೆ. ಪಾಲಕ್ ಕೂಡ ಅಗಲ ಎಲೆಯ ಗಿಡವೇ. ಔಷಧಿಗೆ ಪಾಲಕ್ ಮೇಲೆ ಮಾತ್ರ ಯಾಕಷ್ಟು ಪ್ರೀತಿ? ಆಂಟಿಯ ಟೊಮೆಟೊ ಹೇಗೆ ಉಳಿಯಿತು?

ಕಬ್ಬಿನಗದ್ದೆ:
ಗಾಳಿ ಆ ಕಡೆಯಿಂದ ಈ ಕಡೆ ಬೀಸಿದ್ದರೆ ಅವರದು ಉಳಿಯುತ್ತದೆ. ಪುಸ್ತಕದಲ್ಲಿ ಓದುವುದು ಬೇರೆ, ಗದ್ದೆಯಲ್ಲಿ ನೋಡುವುದು ಬೇರೆ.

ಕುಮಟಾದವಳು:
ನಾಲ್ಕು ಟೊಮೆಟೊಗೆ ಪಕ್ಕದ ಮನೆಯವರ ವೀಡಿಯೋ ತೆಗೆಯುವುದಾ? ಹೋಗಿ ಒಂದು ಕಟ್ಟು ಪಾಲಕ್ ಕೊಟ್ಟು, ಏನು ಹೊಡೆಸಿದಿರಿ ಅಂತ ಕೇಳಿದರೆ ಮುಗಿಯಿತಪ್ಪ.

ಸೈಡ್‌ಪ್ಯಾಸೇಜ್:
ಅವರ ಹತ್ತಿರ ಈಗ ಅಷ್ಟು ಮಾತಿಲ್ಲ. ನಮ್ಮ ಗಿಡದ ನೀರಿನಿಂದ ಗೋಡೆ ತೇವ ಆಗಿ ಅವರ ಕಡೆ ಪೇಂಟ್ ಎದ್ದಿದೆ ಅಂತ ದೀಪಾವಳಿ ಹೊತ್ತಿಗೆ ಒಂದು ಸುತ್ತು ಆಗಿತ್ತು. ಅದು ಈ ವಿಷಯಕ್ಕೆ ಸಂಬಂಧ ಇಲ್ಲ, ಬಿಡಿ.

ಹಿಂಡಿಗೊಬ್ಬರ:
ಚಿಪ್ಪು ಎಷ್ಟು ಹಾಕಿದಿರಿ? ಒಂದು ಬ್ಯಾಗಿಗೆ ಹತ್ತು ಮೊಟ್ಟೆಯದಾದರೂ ಬೇಕು.

ನಿವೃತ್ತ_ಮೇಷ್ಟ್ರು:
ಚಿಪ್ಪು ಕರಗುವಷ್ಟರಲ್ಲಿ ಟೊಮೆಟೊ ಸೀಸನ್ ಮುಗಿದಿರುತ್ತದೆ. ತಳ ಕಪ್ಪಾಗುವುದು ಕ್ಯಾಲ್ಸಿಯಂ ಕಾಯಿಗೆ ತಲುಪದೆ ಇದ್ದಾಗ. ಮಣ್ಣಿನಲ್ಲಿ ಇದ್ದರೂ ತಲುಪದೆ ಇರಬಹುದು. ಬ್ಯಾಗ್ ಒಂದು ದಿನ ಒಣಗಿ ಒಂದು ದಿನ ಕೆಸರಾದರೂ ಹೀಗಾಗುತ್ತದೆ, ಬೇರೆ ಉಪ್ಪು ಜಾಸ್ತಿ ಆದರೂ ಹೀಗಾಗುತ್ತದೆ. ಅದಕ್ಕೇ ನೀರಿನ ಬಗ್ಗೆ ಕೇಳಿದ್ದು.

ಕೆಮ್ಮಣ್ಣು:
ಮಿಶ್ರಣದಲ್ಲಿ ಕೋಕೋಪೀಟ್, ಅದೇ ತೆಂಗಿನ ನಾರಿನ ಪುಡಿ, ಇದೆಯಾ? ಇದ್ದರೆ ಅದೇ ಕಾರಣ. ಸರಿಯಾಗಿ ತೊಳೆಯದ ಕೋಕೋಪೀಟ್‌ನಲ್ಲಿ ಉಪ್ಪಿರುತ್ತದೆ. ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ, ಸ್ವಲ್ಪ ಮರಳು. ನಮ್ಮಜ್ಜಿ ಕಾಲದಿಂದ ಇಷ್ಟೇ. ಈಗಿನವರಿಗೆ ಇಟ್ಟಿಗೆ ಥರ ಪ್ಯಾಕ್ ಮಾಡಿ ಮಾರಿದ್ದೇ ಬೇಕು.

ತಾರಸಿತೋಟ:
ನಿಮ್ಮಜ್ಜಿ ಮೂರನೇ ಮಹಡಿ ತಾರಸಿಗೆ ಕೆಮ್ಮಣ್ಣು ಹೊತ್ತಿದ್ದರಾ? ಕೋಕೋಪೀಟ್ ಹಗುರ. ನಾನು ಐದು ಕೆಜಿ ಬ್ಲಾಕ್ ನೆನೆಸಿ, ನೀರು ತಿಳಿಯಾಗುವ ತನಕ ತೊಳೆದು ಬಳಸುತ್ತೇನೆ. ಏನೂ ಆಗಿಲ್ಲ.

ಕೆಮ್ಮಣ್ಣು:
ತೊಳೆಯುವುದಕ್ಕೇ ಒಂದು ಟ್ಯಾಂಕರ್ ಬೇಕು.

ತಾರಸಿತೋಟ:
ಮಳೆನೀರು ಸಂಗ್ರಹ ಇದೆ ನಮ್ಮಲ್ಲಿ. ಆರು ಸಾವಿರ ಲೀಟರ್.

ಸೈಡ್‌ಪ್ಯಾಸೇಜ್:
ದಯವಿಟ್ಟು ನನ್ನ ಗಿಡಕ್ಕೆ ಬನ್ನಿ. ಕೋಕೋಪೀಟ್ ಹೋದ ವರ್ಷವೂ ಇದೇ ಇತ್ತು. ಇವತ್ತು ನೋಡಿದೆ, ಬ್ಯಾಗಿನ ಹೊರಗೆಲ್ಲ ಬಿಳಿ ಪುಡಿ ಕೂತಿದೆ. ಕೆಳಗಿಟ್ಟ ತಟ್ಟೆಯಲ್ಲೂ ಇದೆ. ಬೂಷ್ಟು ಇರಬಹುದಾ?

ನಿವೃತ್ತ_ಮೇಷ್ಟ್ರು:
ತಟ್ಟೆ ಇಟ್ಟಿದ್ದೀರಾ? ಯಾವಾಗಿನಿಂದ?

ಸೈಡ್‌ಪ್ಯಾಸೇಜ್:
ಆ ಪೇಂಟ್ ಗಲಾಟೆ ಆದಮೇಲೆ. ಒಂದು ಹನಿಯೂ ಗೋಡೆ ಕಡೆ ಹೋಗಬಾರದು ಅಂತ ಪ್ರತಿ ಬ್ಯಾಗಿಗೂ ತಟ್ಟೆ ಇಟ್ಟೆ. ತಟ್ಟೆಯಲ್ಲಿ ನಿಂತದ್ದನ್ನು ಗಿಡವೇ ಕುಡಿಯುತ್ತದೆ, ನೀರೂ ಉಳಿಯುತ್ತದೆ.

ನಿವೃತ್ತ_ಮೇಷ್ಟ್ರು:
ಬೂಷ್ಟಲ್ಲ, ಉಪ್ಪು. ಗಿಡ ನೀರು ಕುಡಿಯುತ್ತದೆ, ನೀರಲ್ಲಿದ್ದ ಉಪ್ಪಲ್ಲಿ ಹೆಚ್ಚಿನದು ಮಿಶ್ರಣದಲ್ಲೇ ಉಳಿಯುತ್ತದೆ. ನೆಲದಲ್ಲಾದರೆ ಕೆಳಗಿಳಿದು ಹೋಗುತ್ತದೆ. ನಿಮ್ಮ ಬ್ಯಾಗಿಗೆ ಹೋಗಲು ದಾರಿಯೇ ಇಲ್ಲ. ಗಿಡಗಳೂ ಅದನ್ನೇ ಹೇಳುತ್ತಿವೆ. ತರಕಾರಿಗಳಲ್ಲಿ ಉಪ್ಪಿಗೆ ಮೊದಲು ಸೋಲುವುದೇ ಬೀನ್ಸ್. ಟೊಮೆಟೊ ಸ್ವಲ್ಪ ತಡೆಯುತ್ತದೆ. ಪಾಲಕ್ ಬೀಟ್‌ರೂಟ್ ಜಾತಿಯದು, ಅದಕ್ಕೆ ಉಪ್ಪು ಲೆಕ್ಕಕ್ಕಿಲ್ಲ.

ಆದರೆ ಬರೀ ತಟ್ಟೆಯಿಂದ ನಾಲ್ಕೈದು ತಿಂಗಳಲ್ಲಿ ಇಷ್ಟೆಲ್ಲ ಆಗುವುದು ಕಷ್ಟ. ಮತ್ತೆ ಕೇಳುತ್ತೇನೆ, ಬೇಸರ ಬೇಡ. ನಲ್ಲಿ ನೀರು ಎಲ್ಲಿಂದ ಬರುತ್ತದೆ? ಬೋರಾ, ಕಾವೇರಿಯಾ?

ಸೈಡ್‌ಪ್ಯಾಸೇಜ್:
ಬೋರ್. ಆದರೆ ನೀರಿನದು ತೊಂದರೆ ಇಲ್ಲವೇ ಇಲ್ಲ. ಮೊದಲು ಬಕೆಟ್, ನಲ್ಲಿ ಎಲ್ಲ ಬಿಳಿ ಕಲೆ ಕಟ್ಟುತ್ತಿತ್ತು. ಆಗಸ್ಟ್‌ನಲ್ಲಿ ಸಾಫ್ಟ್‌ನರ್ ಹಾಕಿಸಿದೆವು, ಈಗ ನೀರು ಫಸ್ಟ್ ಕ್ಲಾಸ್.

ನಿವೃತ್ತ_ಮೇಷ್ಟ್ರು:
ಸಿಕ್ಕಿತು.

ಸಾಫ್ಟ್‌ನರ್ ಒಳಗೆ ರೆಸಿನ್ ಇರುತ್ತದೆ. ಅದು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಅದರ ಬದಲು ಸೋಡಿಯಂ ಬಿಡುತ್ತದೆ. ಆಗಾಗ ಮೂಟೆ ಉಪ್ಪು ತುಂಬಿಸುತ್ತೀರಲ್ಲ, ಅದು ಇದಕ್ಕೇ. ಬಟ್ಟೆಗೆ, ಗೀಸರಿಗೆ ಒಳ್ಳೆಯದು. ಗಿಡದ ಕಡೆಯಿಂದ ನೋಡಿ: ಬೇಕಾದ ಕ್ಯಾಲ್ಸಿಯಂ ತೆಗೆದು ಬೇಡದ ಸೋಡಿಯಂ ಕೊಟ್ಟಿದ್ದೀರಿ. ಅಂಚು ಸುಡುವುದಕ್ಕೂ ತಳ ಕಪ್ಪಾಗುವುದಕ್ಕೂ ಇದೊಂದೇ ಸಾಕು. ಹಿಂಡಿಗೊಬ್ಬರದವರು ಕ್ಯಾಲ್ಸಿಯಂ ಅಂದದ್ದು ಅರ್ಧ ಸರಿ.

ಹಿಂಡಿಗೊಬ್ಬರ:
ಮೊದಲೇ ಹೇಳಿದೆನಲ್ಲ!

ತಾರಸಿತೋಟ:
ಒಪ್ಪುವುದಿಲ್ಲ. ಮೇಡಂ, ಸಾಫ್ಟ್‌ನರ್‌ಗೆ ಮುಂಚಿನ ಸಂಪಿನ ನೀರು, ಸಾಫ್ಟ್‌ನರ್ ದಾಟಿದ ನಲ್ಲಿ ನೀರು ಎರಡರದ್ದೂ ಟಿಡಿಎಸ್, ಅಂದರೆ ಕರಗಿರುವ ಉಪ್ಪಿನ ಅಂಶ, ಅಳೆಯಿರಿ. ಮೀಟರ್ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುತ್ತದೆ.

ಸೈಡ್‌ಪ್ಯಾಸೇಜ್:
ಆರ್‌ಒ ಸರ್ವಿಸ್ ಹುಡುಗನ ಹತ್ತಿರ ಮೀಟರ್ ಇತ್ತು, ಅಳೆಸಿದೆ. ಎರಡೂ ಒಂಬೈನೂರರ ಆಸುಪಾಸು. ಹೆಚ್ಚುಕಡಿಮೆ ಒಂದೇ.

ತಾರಸಿತೋಟ:
ನೋಡಿ. ಟಿಡಿಎಸ್ ಒಂದೇ ಅಂದಮೇಲೆ ನೀರೂ ಒಂದೇ. ಸಾಫ್ಟ್‌ನರ್ ಕಾರಣ ಅಲ್ಲ.

ನಿವೃತ್ತ_ಮೇಷ್ಟ್ರು:
ಆ ಮೀಟರ್ ಎಷ್ಟು ಉಪ್ಪಿದೆ ಅಂತ ಹೇಳುತ್ತದೆ, ಯಾವ ಉಪ್ಪು ಅಂತ ಹೇಳುವುದಿಲ್ಲ. ಸಾಫ್ಟ್‌ನರ್ ಉಪ್ಪು ಕಡಿಮೆ ಮಾಡುವುದಿಲ್ಲ, ಅದಲು ಬದಲು ಮಾಡುತ್ತದೆ. ಓದಿಕೆ ಒಂದೇ ಬರಬೇಕಾದ್ದೇ. ಅನುಮಾನ ಇದ್ದರೆ ಎರಡು ಬಾಟಲಿಯಲ್ಲಿ ಎರಡೂ ನೀರು ತುಂಬಿ, ಸ್ವಲ್ಪ ಬಟ್ಟೆ ಸೋಪು ಹಾಕಿ ಅಲ್ಲಾಡಿಸಿ. ಒಂದರಲ್ಲಿ ನೊರೆ ಉಕ್ಕುತ್ತದೆ, ಇನ್ನೊಂದರಲ್ಲಿ ಮೊಸರೊಡೆದಂತೆ ಆಗುತ್ತದೆ. ಆಗಲೂ ಒಂದೇ ನೀರು ಅನ್ನುತ್ತೀರಾ?

ತಾರಸಿತೋಟ:
ನನ್ನದು ಮಳೆನೀರು, ನನಗೆ ಈ ತಲೆನೋವಿಲ್ಲ.

ಸೈಡ್‌ಪ್ಯಾಸೇಜ್:
ಸರಿ, ಈಗ ಏನು ಮಾಡಲಿ? ಗಿಡ ಕಿತ್ತು ಎಸೆಯಬೇಕಾ?

ನಿವೃತ್ತ_ಮೇಷ್ಟ್ರು:
ಬೇಡ. ಮೊದಲು ನೀರು ಬದಲಿಸಿ. ಸಾಫ್ಟ್‌ನರ್ ಟ್ಯಾಂಕಿನಿಂದ ಇಳಿಯುವ ಲೈನಿಗೆ ಇದ್ದರೆ ಸಂಪಿನ ನೀರು ಹಾಗೇ ಇರುತ್ತದೆ, ಅದನ್ನೇ ಹಾಕಿ. ಗಡಸಾದರೂ ಪರವಾಗಿಲ್ಲ, ಅದರಲ್ಲಿ ಕ್ಯಾಲ್ಸಿಯಂ ಇದೆ. ಆಮೇಲೆ ಪ್ಲಂಬರ್ ಕರೆಸಿ ತೋಟದ ನಲ್ಲಿಯನ್ನು ಸಾಫ್ಟ್‌ನರ್‌ಗಿಂತ ಮುಂಚೆ ಜೋಡಿಸಿ.

ತಟ್ಟೆ ತೆಗೆಯಿರಿ. ಗೊಬ್ಬರದ ಅಂಗಡಿಯಲ್ಲಿ ಜಿಪ್ಸಂ ಸಿಗುತ್ತದೆ. ಬ್ಯಾಗಿಗೆ ಒಂದು ಹಿಡಿ ಮೇಲೆ ಉದುರಿಸಿ ಕೆದಕಿ. ಅದರ ಕ್ಯಾಲ್ಸಿಯಂ ಸೋಡಿಯಂ ಅನ್ನು ಎಬ್ಬಿಸುತ್ತದೆ. ಆಮೇಲೆ ನಿಧಾನಕ್ಕೆ ನೀರು ಬಿಟ್ಟು ತೊಳೆಯಬೇಕು. 12×12 ಬ್ಯಾಗಲ್ಲಿ ಇಪ್ಪತ್ತು ಲೀಟರಿನಷ್ಟು ಮಿಶ್ರಣ ಇರುತ್ತದೆ, ಅದರ ಎರಡರಷ್ಟಾದರೂ ನೀರು ಹಾದುಹೋಗಬೇಕು. ಗೊಬ್ಬರವೂ ತೊಳೆದು ಹೋಗುತ್ತದೆ, ಒಂದು ವಾರ ಬಿಟ್ಟು ಮತ್ತೆ ಸ್ವಲ್ಪ ಹಾಕಿ. ಕಪ್ಪಾದ ಕಾಯಿ ಸರಿಹೋಗುವುದಿಲ್ಲ, ಕಿತ್ತುಬಿಡಿ.

ಕೆಮ್ಮಣ್ಣು:
ಬ್ಯಾಗಿಗೆ ನಲವತ್ತು ಲೀಟರ್! ಬೇಸಿಗೆಯಲ್ಲಿ, ಬೆಂಗಳೂರಿನಲ್ಲಿ! 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂದದ್ದು ಮರೆತಿರಾ? ಮಣ್ಣಲ್ಲಿ ಬೆಳೆದಿದ್ದರೆ ಇದೆಲ್ಲ ಬೇಕಿತ್ತಾ?

ಕುಮಟಾದವಳು:
ಅಕ್ಕಿ, ಬೇಳೆ ತೊಳೆದ ನೀರು ಎತ್ತಿಡಿ. ತರಕಾರಿ ತೊಳೆದದ್ದೂ ಆಗುತ್ತದೆ.

ನಿವೃತ್ತ_ಮೇಷ್ಟ್ರು:
ಅಡುಗೆಮನೆ ನಲ್ಲಿಯೂ ಸಾಫ್ಟ್‌ನರ್ ಲೈನಿನಲ್ಲೇ ಇದ್ದರೆ ಅದೂ ಸೋಡಿಯಂ ನೀರೇ ಅಲ್ವಾ? ನೀರು ಕಡಿಮೆ ಇದ್ದರೆ ಈಗ ಟೊಮೆಟೊ ಬ್ಯಾಗ್ ಮಾತ್ರ ತೊಳೆಯಿರಿ. ಉಳಿದವನ್ನು ಏಪ್ರಿಲ್-ಮೇ ಮಳೆ ಬಂದಾಗ ಗೋಡೆಯ ಮರೆಯಿಂದ ಎಳೆದು ಬಯಲಿಗಿಡಿ. ಮಳೆಯೇ ಪುಕ್ಕಟೆ ತೊಳೆದುಕೊಡುತ್ತದೆ.

ಸೈಡ್‌ಪ್ಯಾಸೇಜ್:
ತಟ್ಟೆ ತೆಗೆದರೆ ಮತ್ತೆ ಗೋಡೆ ತೇವ, ಮತ್ತೆ ಜಗಳ. ಅದಕ್ಕೇನು ಹೇಳುತ್ತೀರಿ?

ಕಬ್ಬಿನಗದ್ದೆ:
ನಿಮ್ಮ ಜಾಗದಲ್ಲಿ ನೀವು ಇಟ್ಟುಕೊಂಡರೆ ಅವರದೇನು?

ಕುಮಟಾದವಳು:
ಅವರ ಪೇಂಟ್ ಹೋಗುತ್ತದೆ, ಅದು ಅವರದು. ಮೇಡಂ, ಬ್ಯಾಗನ್ನು ಗೋಡೆಯಿಂದ ಅರ್ಧ ಅಡಿ ಈಚೆ ತನ್ನಿ. ಎರಡೆರಡು ಇಟ್ಟಿಗೆ ಮೇಲೆ ಕೂರಿಸಿ. ನಾಲ್ಕಿಂಚು ಪಿವಿಸಿ ಪೈಪ್ ಉದ್ದಕ್ಕೆ ಸೀಳಿಸಿ ಕೆಳಗೆ ಮಲಗಿಸಿ, ಮುಂದಿನ ಚರಂಡಿ ಕಡೆ ಇಳಿಜಾರು ಕೊಡಿ. ನಮ್ಮಲ್ಲಿ ಮಾಡಿನ ನೀರಿಗೆ ಅಡಿಕೆ ದಬ್ಬೆ ಕಟ್ಟುತ್ತೇವಲ್ಲ, ಅದೇ ಉಪಾಯ. ಗಾಳಿಯೂ ಆಡುತ್ತದೆ.

ಸೈಡ್‌ಪ್ಯಾಸೇಜ್:
ಅಪ್‌ಡೇಟ್ ಕೊಡಿ ಅಂತ ಇಬ್ಬರು ಮೆಸೇಜ್ ಮಾಡಿದ್ದರು. ಪೈಪ್ ಹಾಕಿಸಿದೆ. ಟೊಮೆಟೊ ಬ್ಯಾಗ್ ತೊಳೆದೆ, ಹೊಸ ಎಲೆ ಈಗಿನ ಮಟ್ಟಿಗೆ ಚೊಕ್ಕವಾಗಿದೆ. ಹೊಸ ಕಾಯಿ ಇನ್ನೂ ಗೋಲಿ ಗಾತ್ರ, ಏನೂ ಹೇಳಲಾಗದು. ಮೆಣಸಿನಕಾಯಿ ಹಾಗೇ ಇದೆ. ಪ್ಲಂಬರ್ ನಾಳೆ ಬರುತ್ತೇನೆ ಅನ್ನುತ್ತಲೇ ಇದ್ದಾನೆ.

ಆಂಟಿ ಹತ್ತಿರವೂ ಮಾತಾಡಿದೆ. ಅವರು ಸಂಪಿನಿಂದ ಕೊಡಪಾನದಲ್ಲಿ ಎತ್ತಿ ಹಾಕುತ್ತಾರಂತೆ, ಡಬ್ಬಕ್ಕೆ ಪಕ್ಕದಲ್ಲೇ ತೂತು ಕೊರೆದಿದ್ದಾರೆ. ಆವತ್ತು ಹೊಡೆಸಿದ್ದು ಬಾಗಿಲ ಚೌಕಟ್ಟಿನ ಗೆದ್ದಲಿಗೆ.

ಕಬ್ಬಿನಗದ್ದೆ:
ಅವರು ಹೇಳಿದರು, ನೀವು ನಂಬಿದಿರಿ. ಯಾವ ಔಷಧಿ ಅಂತ ಡಬ್ಬಿ ನೋಡಿದಿರಾ?

ಹೊಸಬ_ತುಮಕೂರು:
ನಡುವೆ ಬಂದದ್ದಕ್ಕೆ ಕ್ಷಮಿಸಿ. ನಮ್ಮ ಸಾಫ್ಟ್‌ನರ್ ತೊಳೆದಾಗ ಬರುವ ಉಪ್ಪು ನೀರನ್ನು ಹಿತ್ತಲ ತೆಂಗಿಗೆ ಬಿಡುತ್ತಿದ್ದೇವೆ. ತೆಂಗು ಚೆನ್ನಾಗೇ ಇದೆ. ನಿಲ್ಲಿಸಬೇಕಾ?

ಕುಮಟಾದವಳು:
ನಮ್ಮ ಕಡೆ ತೆಂಗಿನ ಬುಡಕ್ಕೆ ಉಪ್ಪನ್ನೇ ಹಾಕುತ್ತಾರೆ! ಅದು ಕಡಲ ದಂಡೆಯ ಮರ.

ನಿವೃತ್ತ_ಮೇಷ್ಟ್ರು:
ನಿಮ್ಮಲ್ಲಿ ಮರಳು ನೆಲ, ಮಳೆಗಾಲ ಪೂರ್ತಿ ತೊಳೆಯುತ್ತದೆ. ತುಮಕೂರಿನ ಒಣ ನೆಲಕ್ಕೆ ವರ್ಷವಿಡೀ ಬಿಟ್ಟರೆ ಮಣ್ಣು ಕಲ್ಲಾಗುತ್ತದೆ. ಚರಂಡಿಗೆ ಬಿಡಿ. ತೆಂಗಿನ ಹತ್ತಿರ ಬೇರೆ ಏನಾದರೂ ಹಾಕಿದ್ದೀರಾ?

ಹೊಸಬ_ತುಮಕೂರು:
ಬೀನ್ಸ್ ಹಾಕಿದ್ದೆವು. ಹುಟ್ಟಲೇ ಇಲ್ಲ. ಬೀಜ ಸರಿ ಇಲ್ಲ ಅಂದುಕೊಂಡೆವು.