ಅಡ್ಡಿಗಳನ್ನು ಮೊದಲೇ ಲೆಕ್ಕಕ್ಕೆ ಹಿಡಿದು ಓದಿದವರು ಅನುಭವ ತಿಳಿಸಿ

ಪ್ರಶ್ನೆ (ದಾವಣಗೆರೆ): ನಾನು ಮಂಡಿಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವಳು. ಎಫ್‌ಡಿಎ (ಸರ್ಕಾರಿ ಕಚೇರಿಯ ಪ್ರಥಮ ದರ್ಜೆ ಸಹಾಯಕ ಹುದ್ದೆ) ಪರೀಕ್ಷೆಗೆ ರಾತ್ರಿ ಓದಬೇಕೆಂದು ವೇಳಾಪಟ್ಟಿ ಹಾಕಿಕೊಂಡರೂ ಜಾತ್ರೆ, ನೆಂಟರು, ದಣಿವು ಎಂದು ಏನಾದರೊಂದು ಬಂದು ಅದು ವಾರದೊಳಗೆ ಮುರಿದುಬೀಳುತ್ತದೆ. ಇಂಥವನ್ನು ಮೊದಲೇ ಯೋಚಿಸಿ ನಡೆದವರು ದಯವಿಟ್ಟು ದಾರಿ ತೋರಿಸಿ.

ಉತ್ತರ (ಚಿತ್ರದುರ್ಗ, ಶಿಕ್ಷಕಿ): ತಂಗೀ, ನೀವು ಬರೆದ ಮೂರು ಅಡ್ಡಿಗಳೂ ಒಂದೇ ಬಗೆಯವಲ್ಲ. ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವುದು ಊರಿಗೆಲ್ಲ ಗೊತ್ತಿರುವಾಗ, ಆ ದಿನಗಳಿಗೆ ಓದನ್ನು ಇಟ್ಟುಕೊಂಡು ಆಮೇಲೆ ನೊಂದುಕೊಳ್ಳುವುದಕ್ಕಿಂತ ಕ್ಯಾಲೆಂಡರಿನಲ್ಲಿ ರಜೆಯೆಂದೇ ಗುರುತು ಹಾಕುವುದು ವಾಸಿ. ದಣಿವಿಗೆ ದಿನಾಂಕವಿಲ್ಲ, ಆದರೆ ಅದು ಬರುವ ಹೊತ್ತು ನಿಮಗೆ ಗೊತ್ತಿದೆ. ನಾನು ನೌಕರಿಯಲ್ಲಿದ್ದುಕೊಂಡೇ ಎಂ.ಎ. ಕಟ್ಟಿದಾಗ, ಶಾಲೆಯಿಂದ ಬಂದು ಮಂಚಕ್ಕೆ ಒರಗಿದರೆ ಅಂದಿನ ಓದು ಮುಗಿದಂತೆಯೇ ಆಗುತ್ತಿತ್ತು. ಆದ್ದರಿಂದ ‘ಸಂಜೆ ಓದುತ್ತೇನೆ’ ಎಂಬ ಮಾತನ್ನು ಬಿಟ್ಟು, ‘ಚಹಾದ ಲೋಟ ತೊಳೆದಿಟ್ಟ ಕೂಡಲೇ ಅಡುಗೆಕಟ್ಟೆಯ ಬಳಿ ನಿಂತೇ ಎರಡು ಪುಟ ಓದುತ್ತೇನೆ, ಕಣ್ಣು ಎಳೆದರೆ ಪುಸ್ತಕ ಮುಚ್ಚಿ ಹಳೆಯ ಪ್ರಶ್ನೆಪತ್ರಿಕೆಗೆ ಉತ್ತರ ಬರೆಯುತ್ತೇನೆ’ ಎಂದು ಚೀಟಿ ಬರೆದು ಸಕ್ಕರೆ ಡಬ್ಬಿಗೆ ಅಂಟಿಸಿದ್ದೆ. ಬರೆಯುವ ಕೈಗೆ ನಿದ್ದೆ ಬೇಗ ಹತ್ತುವುದಿಲ್ಲ.

‘ಹೀಗಾದರೆ ಹೀಗೆ ಮಾಡುತ್ತೇನೆ’ ಎಂಬ ಇಂಥ ಸಂಕಲ್ಪವನ್ನು ದೀರ್ಘಕಾಲ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಜರ್, ಸಹೋದ್ಯೋಗಿ ಪ್ಯಾಸ್ಕಲ್ ಶೀರನ್ ಅವರೊಂದಿಗೆ 2006ರಲ್ಲಿ 94 ಪರೀಕ್ಷೆಗಳ ಫಲಿತಾಂಶವನ್ನು ಒಟ್ಟಿಗೆ ನೋಡಿದಾಗ, ಗುರಿ ಸಾಧನೆಯಲ್ಲಿ ಇದರ ಪ್ರಯೋಜನ ಸಾಕಷ್ಟು ದೊಡ್ಡದೆಂದೇ ಕಂಡುಬಂದಿತು. ಏನು ಮಾಡಲಿ ಎಂಬ ತೀರ್ಮಾನ ಮೊದಲೇ ಆಗಿರುವುದರಿಂದ, ದಣಿದ ತಲೆಗೆ ಆ ಹೊತ್ತಿನಲ್ಲಿ ವಾದ ಹೂಡಲು ಎಡೆಯೇ ಇರುವುದಿಲ್ಲ.

ಉತ್ತರ (ದಾವಣಗೆರೆ): ಮೇಡಂ ಹೇಳಿದ್ದು ಸರಿ, ಆದರೆ ನೆಂಟರ ವಿಷಯಕ್ಕೆ ಚೀಟಿ ಸಾಲದು. ಬೇರೆಯವರಿಂದ ಬರುವ ಅಡ್ಡಿಗೆ ಬೇರೆಯವರೊಡನೆಯೇ ಮಾತಾಡಬೇಕು. ನಮ್ಮ ಮನೆಯಲ್ಲಿ ರಾತ್ರಿ ಒಂಬತ್ತರ ಮೇಲೆ ಯಾರೇ ಬಂದರೂ ಕಾಫಿ ಮಾಡಿಕೊಡುವುದು ತಮ್ಮನ ಕೆಲಸವೆಂದು ಅಮ್ಮನ ಮುಂದೆಯೇ ಒಪ್ಪಂದವಾಯಿತು. ಅವನು ಮಾಡುವ ಕಾಫಿಯನ್ನು ಕುಡಿದವರು ಹೆಚ್ಚು ಹೊತ್ತು ಕೂರುವುದೂ ಇಲ್ಲ.

ಉತ್ತರ (ಚಳ್ಳಕೆರೆ): ಒಮ್ಮೆಗೇ ಹತ್ತು ಅಡ್ಡಿಗಳಿಗೆ ಹತ್ತು ಉಪಾಯ ಬರೆಯಬೇಡಿ; ಪಟ್ಟಿಯೇ ಭಾರವಾಗುತ್ತದೆ. ಎಲ್ಲಕ್ಕಿಂತ ಹೆಚ್ಚು ಸಂಜೆಗಳನ್ನು ತಿನ್ನುತ್ತಿರುವ ಒಂದನ್ನು ಹಿಡಿಯಿರಿ. ಗೇಬ್ರಿಯೆಲೆ ಓಟಿಂಗನ್ ಎಂಬ ಮನಶ್ಶಾಸ್ತ್ರಜ್ಞೆಯ ಸಂಶೋಧನೆಯಂತೆ, ಗೆದ್ದ ಚಿತ್ರವನ್ನಷ್ಟೇ ಮನಸ್ಸಿನಲ್ಲಿ ನೋಡುತ್ತ ಕೂತರೆ ಶ್ರಮ ಪಡುವ ಹುರುಪು ಇಳಿಯುತ್ತದೆ. ಅದರ ಪಕ್ಕದಲ್ಲೇ ಎದುರಿರುವ ಅಡ್ಡಿಯನ್ನೂ ಇಟ್ಟು ನೋಡಿದಾಗ, ದಾಟಬಲ್ಲೆವೆನಿಸಿದ ಗುರಿಗೆ ಮನಸ್ಸು ಗಟ್ಟಿಯಾಗುತ್ತದೆ, ದಾಟಲಾಗದೆನಿಸಿದ್ದನ್ನು ಬಿಡುವುದೂ ಸುಲಭವಾಗುತ್ತದೆ. ವಾರಾಂತ್ಯಕ್ಕೆ ಬೆಂಗಳೂರಿನ ತರಗತಿಗೆ ಹೋಗಿಬರುವ ಯೋಚನೆಯನ್ನು ನಾನು ಹೀಗೆಯೇ ಕೈಬಿಟ್ಟು, ಊರಲ್ಲೇ ಕೂತು ಓದುವ ಕೋರ್ಸ್ ಸೇರಿದೆ.

ಇನ್ನೊಂದು ಮಾತು, ನೀವು ಲೆಕ್ಕ ಬರೆಯುವವರು. ಮಾರ್ಚ್ 31ಕ್ಕೆ ಮುಂಚಿನ ಎರಡು ವಾರ ಅಂಗಡಿಯಿಂದ ಹೊರಡುವ ಹೊತ್ತು ನಿಮ್ಮ ಕೈಯಲ್ಲಿರುವುದಿಲ್ಲ. ಆ ಪಾಠಗಳನ್ನು ಫೆಬ್ರುವರಿಗೇ ಎಳೆದುಕೊಳ್ಳಿ.